ಮಲಂಪುಳದ ಯಕ್ಷಿ ಮತ್ತು ಅವಳ ಸುತ್ತಲಿನ ಬಯಲು

ಕೇರಳದ ಪಾಲಕ್ಕಾಡ್ ಪಟ್ಟಣದಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಮಲಂಪುಳ ಅಣೆಕಟ್ಟು. ಅದರ ಉದ್ಯಾನದಲ್ಲಿ ಒಬ್ಬಳು ಹೆಣ್ಣು ಕೂತಿದ್ದಾಳೆ. ಕೂತಲ್ಲೇ ಮೂವತ್ತಡಿ ಎತ್ತರ. ಮೈಮೇಲೆ ಒಂದೆಳೆ ಬಟ್ಟೆಯಿಲ್ಲ. ಕಾಲುಗಳನ್ನು ಅಗಲಿಸಿ ಕೂತು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಎತ್ತಿ, ಬಿಚ್ಚಿದ ಕೂದಲಿಗೆ ಬೆರಳು ಹಾಕಿದ್ದಾಳೆ. ಮುಖ ಆಕಾಶಕ್ಕೆ, ಕಣ್ಣು ಅರೆಮುಚ್ಚಿದೆ. ಕೆಳಗೆ ನಿಂತು ತನ್ನನ್ನು ನೋಡುತ್ತಿರುವವರ ಪರಿವೆಯೇ ಅವಳಿಗಿಲ್ಲ. ಹಿಂದೆ ಸಹ್ಯಾದ್ರಿಯ ಸಾಲು, ಮೇಲೆ ಪಾಲಕ್ಕಾಡ್ ಕಣಿವೆಯ ಗಾಳಿ. ಕೇರಳದವರು ಅವಳನ್ನು ಕರೆಯುವುದು ‘ಮಲಂಪುಳ ಯಕ್ಷಿ’ ಎಂದು. 1969ರಿಂದ ಅವಳು ಅಲ್ಲೇ ಇದ್ದಾಳೆ.

ಅವಳನ್ನು ಮಾಡಿದವರು ಕಾನಾಯಿ ಕುಂಞಿರಾಮನ್. ಕೇರಳದಲ್ಲಿ ಈ ಹೆಸರು ಗೊತ್ತಿಲ್ಲದವರು ಕಡಿಮೆ. ಗಡಿ ದಾಟಿ ಇತ್ತ ಬಂದರೆ ಗೊತ್ತಿರುವವರು ಕಡಿಮೆ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಏಕೆಂದರೆ ಅವರು ಹುಟ್ಟಿದ್ದು ಚೆರುವತ್ತೂರಿನ ಹತ್ತಿರದ ಕುಟ್ಟಮತ್ತ್‌ನಲ್ಲಿ, 1937ರಲ್ಲಿ. ಆ ಊರು ಆಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿಗೆ ಸೇರಿತ್ತು. 1956ರ ರಾಜ್ಯ ಮರುವಿಂಗಡಣೆಯಲ್ಲಿ ತಾಲ್ಲೂಕು ಕೇರಳಕ್ಕೆ ಹೋಯಿತು, ಶಿಲ್ಪಿಯೂ ನಮ್ಮ ಗಮನದಿಂದ ಹೊರಗೆ ಹೋದರು.

ಯಕ್ಷಿಯ ಬಳಿಗೆ ಹೋಗುವ ಮೊದಲು ಅವಳು ಕೂತ ಜಾಗದ ಕಥೆ ಸ್ವಲ್ಪ ಹೇಳಬೇಕು. ಮಲಂಪುಳ ಅಣೆಕಟ್ಟಿನ ಕೆಲಸ 1949ರಲ್ಲಿ ಶುರುವಾಗಿ 1955ರಲ್ಲಿ ಮುಗಿಯಿತು. ಪಾಲಕ್ಕಾಡ್ ಆಗ ಮದ್ರಾಸ್ ರಾಜ್ಯದ ಮಲಬಾರ್ ಜಿಲ್ಲೆಯಲ್ಲಿತ್ತು. ಅಣೆಕಟ್ಟನ್ನು ಉದ್ಘಾಟಿಸಿದವರು ಮುಖ್ಯಮಂತ್ರಿ ಕೆ. ಕಾಮರಾಜ್. ಅಣೆಕಟ್ಟೆಂದ ಮೇಲೆ ಕೆಳಗೊಂದು ತೋಟ, ಕಾರಂಜಿ, ಸಂಜೆಯ ಬಣ್ಣದ ದೀಪ ಇರಲೇಬೇಕೆಂಬ ರೂಢಿ ದಕ್ಷಿಣ ಭಾರತಕ್ಕೆ ಬಂದದ್ದು ಕನ್ನಂಬಾಡಿಯಿಂದ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಮೈದಳೆದ ಬೃಂದಾವನ ಎಷ್ಟು ಹೆಸರಾಯಿತೆಂದರೆ, ಮಲಂಪುಳದ ತೋಟವನ್ನು ಇಂದಿಗೂ ‘ಕೇರಳದ ಬೃಂದಾವನ’ ಎಂದೇ ಕರೆಯುತ್ತಾರೆ. ಆದರೆ ಕೆಆರ್‌ಎಸ್‌ನ ಕಟ್ಟೆಯಡಿ ನಿಂತಿರುವುದು ದೇವಿ ಕಾವೇರಿ. ಕಟ್ಟೆಗೆ ಒಪ್ಪಿ ನಿಂತ ನದಿ ಅವಳು. ಬಂದವರು ಕೈಮುಗಿದು ಮುಂದೆ ಹೋಗುತ್ತಾರೆ. ಮಲಂಪುಳದಲ್ಲಿ ನೀರಾವರಿ ಇಲಾಖೆಯ ತೋಟಕ್ಕೆ ಸಿಕ್ಕಿದ್ದು ಯಾವ ಕಟ್ಟೆಗೂ ಒಗ್ಗದ ಹೆಣ್ಣು. ಸರ್ಕಾರಿ ತೋಟವೊಂದರಲ್ಲಿ, ಅದೂ ಅರವತ್ತರ ದಶಕದಲ್ಲಿ, ಇದಕ್ಕೆ ಜಾಗ ಸಿಕ್ಕಿತಲ್ಲ ಎಂಬುದು ಇವತ್ತಿಗೂ ನನಗೆ ಬೆರಗು.

ಕಾನಾಯಿ ಬೆಳೆದದ್ದು ತೆಯ್ಯಂ ನಾಡಿನಲ್ಲಿ. ನಮ್ಮ ತುಳುನಾಡಿನ ಭೂತಕೋಲವನ್ನು ಕಂಡವರಿಗೆ ತೆಯ್ಯಂ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆಳೆತ್ತರವನ್ನೂ ಮೀರುವ ಮುಡಿ, ಮುಖದ ತುಂಬ ಬಣ್ಣ, ದೊಂದಿಯ ಬೆಳಕು. ನಿನ್ನೆ ಗದ್ದೆಯಲ್ಲಿ ಕಂಡ ಮನುಷ್ಯ ಇವತ್ತು ರಾತ್ರಿ ದೈವವಾಗಿ ಎದುರಿಗೆ ನಿಲ್ಲುತ್ತಾನೆ. ಇದೆಲ್ಲ ನಡೆಯುವುದು ಅಂಗಳದಲ್ಲಿ, ಬಯಲಲ್ಲಿ. ಊರಿನವರು ಸುತ್ತ ನೆರೆದಿರುತ್ತಾರೆ. ದೊಡ್ಡ ಗಾತ್ರವನ್ನು ಕಂಡು ಅಳುಕದ ಕಣ್ಣು ಮತ್ತು ಕಲೆಯೆಂದರೆ ಬಯಲಿನಲ್ಲಿ ಜನರ ನಡುವೆ ಇರುವಂಥದ್ದು ಎಂಬ ತಿಳಿವಳಿಕೆ, ಇವೆರಡೂ ಕಾನಾಯಿಯವರಿಗೆ ಶಾಲೆಯಲ್ಲಿ ಬಂದವಲ್ಲ ಎಂದೇ ನಾನು ಓದಿಕೊಂಡಿದ್ದೇನೆ.

ಶಾಲೆಯ ಪಾಲೂ ಕಡಿಮೆಯದಲ್ಲ. ಮದ್ರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಅವರು ಕಲಿತದ್ದು ದೇವಿಪ್ರಸಾದ್ ರಾಯ್ ಚೌಧುರಿ ಮತ್ತು ಕೆ.ಸಿ.ಎಸ್. ಪಣಿಕ್ಕರ್ ಅವರ ನೆರಳಲ್ಲಿ. ಮರೀನಾ ಕಡಲತೀರದಲ್ಲಿ ಬಂಡೆಯನ್ನು ನೂಕುತ್ತಿರುವ ನಾಲ್ವರು ಕಾರ್ಮಿಕರ ಶಿಲ್ಪವಿದೆಯಲ್ಲ, ಅದು ರಾಯ್ ಚೌಧುರಿಯವರದು. ಪಣಿಕ್ಕರ್ 1966ರಲ್ಲಿ ಮದ್ರಾಸಿನ ಅಂಚಿನಲ್ಲಿ ಚೋಳಮಂಡಲ ಕಲಾವಿದರ ಗ್ರಾಮವನ್ನು ಕಟ್ಟಿದವರು. ಯುರೋಪನ್ನು ನಕಲು ಮಾಡದೆ ಆಧುನಿಕರಾಗುವುದು ಹೇಗೆಂದು ತಮ್ಮ ಶಿಷ್ಯರನ್ನು ಬಿಡದೆ ಕೇಳಿದವರು. 1965ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಕಾನಾಯಿ ಲಂಡನ್ನಿನ ಸ್ಲೇಡ್ ಶಾಲೆಗೆ ಹೋದರು. ಅಲ್ಲಿ ಗುರುವಾಗಿ ಸಿಕ್ಕವರು ರೆಗ್ ಬಟ್ಲರ್. ಮೂಲತಃ ವಾಸ್ತುಶಿಲ್ಪಿಯಾದ ಬಟ್ಲರ್ ಎರಡನೇ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದೆ ಹಳ್ಳಿಯಲ್ಲಿ ಕಮ್ಮಾರಿಕೆ ಮಾಡಿದ್ದರು; 1953ರಲ್ಲಿ ‘ಅಜ್ಞಾತ ರಾಜಕೀಯ ಕೈದಿ’ ಎಂಬ ವಿಷಯದ ಅಂತರರಾಷ್ಟ್ರೀಯ ಶಿಲ್ಪ ಸ್ಪರ್ಧೆಯನ್ನು ಗೆದ್ದಿದ್ದರು. ಹೆಣ್ಣಿನ ಮೈಯನ್ನು ಬಾಗಿಸಿ, ಚಾಚಿಸಿ, ತಲೆಯನ್ನು ಮೇಲಕ್ಕೆ ಎತ್ತಿಸಿ ಮಾಡಿದ ಅವರ ಕಂಚಿನ ಶಿಲ್ಪಗಳನ್ನು ನೋಡಿ ಮಲಂಪುಳಕ್ಕೆ ಹೋದರೆ ಗುರುವಿನ ಪಾಠ ಎಲ್ಲಿಯದು, ಅದನ್ನು ದಾಟಿದ್ದು ಎಲ್ಲಿ ಎಂಬುದು ಕಾಣುತ್ತದೆ. ಬಟ್ಲರರ ಹೆಣ್ಣುಗಳು ತೆಳು ಕಾಲಿನವರು, ಸರಳಿನ ಚೌಕಟ್ಟಿನ ಮೇಲೆ ತೂಗಾಡುವಂತೆ ಇರುವವರು. ಕಾನಾಯಿಯವರ ಹೆಣ್ಣು ಭೂಮಿಯನ್ನು ಒತ್ತಿ ಕೂತವಳು.

ಊರಿಗೆ ಮರಳಿದ ತರುಣನಿಗೆ ಮಲಂಪುಳದ ಕೆಲಸ ಸಿಕ್ಕಿತು. ಮೊದಲು ಕೈಗೆತ್ತಿಕೊಂಡದ್ದು ನಂದಿಯನ್ನು; ಅದೂ ಅದೇ ತೋಟದಲ್ಲಿದೆ. ಆಮೇಲೆ ಬಂದವಳು ಯಕ್ಷಿ.

ಯಕ್ಷಿ ನಮಗೂ ಹೊಸಬಳಲ್ಲ. ಹೊಂಬುಜದ ಪದ್ಮಾವತಿ, ಶ್ರವಣಬೆಳಗೊಳದ ಕೂಷ್ಮಾಂಡಿನಿ, ಸಿಂಹನಗದ್ದೆಯ ಜ್ವಾಲಾಮಾಲಿನಿ, ಇವರೆಲ್ಲ ಜೈನ ತೀರ್ಥಂಕರರ ಯಕ್ಷಿಯರು. ಭಕ್ತರು ಹರಕೆ ಹೊರುವ, ಕಾಪಾಡೆಂದು ಬೇಡುವ ದೇವಿಯರು. ಇನ್ನೂ ಹಿಂದೆ ಹೋದರೆ 1917ರಲ್ಲಿ ಪಾಟ್ನಾದ ಹತ್ತಿರ ಗಂಗೆಯ ದಡದಲ್ಲಿ ಸಿಕ್ಕ ದೀದಾರ್‌ಗಂಜ್ ಯಕ್ಷಿ ಇದ್ದಾಳೆ, ಕನ್ನಡಿಯ ಹಾಗೆ ಹೊಳಪು ಕೊಟ್ಟ ಮರಳುಗಲ್ಲಿನಲ್ಲಿ ಚಾಮರ ಹಿಡಿದು ನಿಂತವಳು. ಸಮೃದ್ಧಿಯ, ಮರದ, ನೀರಿನ ದೇವತೆ. ಆದರೆ ಕೇರಳದ ಜನಪದದಲ್ಲಿ ಯಕ್ಷಿ ಬೇರೆಯೇ ಆಗಿಬಿಟ್ಟಿದ್ದಾಳೆ. ಅವಳ ವಾಸ ಪಾಲ ಮರ. ನಮ್ಮ ಕರಾವಳಿಯವರು ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕೆತ್ತೆ ತೆಗೆದು ಕಷಾಯ ಕುಡಿಯುತ್ತಾರಲ್ಲ, ಅದೇ ಹಾಲೆ ಮರ. ರಾತ್ರಿ ಆ ಮರದ ಹೂವು ಘಮಘಮಿಸುವಾಗ ಬಿಳಿ ಸೀರೆಯುಟ್ಟು ದಾರಿಗೆ ಬರುತ್ತಾಳೆ, ಒಂಟಿಯಾಗಿ ಹೋಗುವ ಗಂಡಸಿನ ಬಳಿ ಎಲೆಯಡಿಕೆಗೆ ಸುಣ್ಣ ಕೇಳುತ್ತಾಳೆ, ಕೊಟ್ಟವನು ಬೆಳಗಾಗುವಾಗ ಬರೀ ಉಗುರು, ಕೂದಲು. ಮಂತ್ರವಾದಿ ಅವಳನ್ನು ಮರಕ್ಕೆ ಕಬ್ಬಿಣದ ಮೊಳೆ ಹೊಡೆದು ಕಟ್ಟಿಹಾಕಬೇಕು. 1967ರಲ್ಲಿ ಮಲಯಾಟ್ಟೂರ್ ರಾಮಕೃಷ್ಣನ್ ‘ಯಕ್ಷಿ’ ಕಾದಂಬರಿ ಬರೆದರು, 1968ರಲ್ಲಿ ಕೆ.ಎಸ್. ಸೇತುಮಾಧವನ್ ಅದನ್ನು ಸಿನಿಮಾ ಮಾಡಿದರು. ಕೇರಳದ ಮನಸ್ಸು ಆ ವರ್ಷಗಳಲ್ಲಿ ಈ ಹೆಣ್ಣಿನ ಸುತ್ತಲೇ ಸುಳಿಯುತ್ತಿತ್ತು.

ಕಾನಾಯಿ ಮಾಡಿದ್ದು ಈ ಭಯವನ್ನು ಬಿಡಿಸುವ ಕೆಲಸ. ಅವರ ಯಕ್ಷಿಗೆ ಕೋರೆಹಲ್ಲಿಲ್ಲ, ಬಿಳಿ ಸೀರೆಯಿಲ್ಲ, ಯಾರನ್ನೂ ಕರೆಯುವ ಕಣ್ಣಿಲ್ಲ. ಹಗಲು ಬೆಳಕಿನಲ್ಲಿ, ಹುಲ್ಲುಹಾಸಿನ ನಡುವೆ ತನ್ನ ಪಾಡಿಗೆ ಕೂತಿದ್ದಾಳೆ. ತೊಡೆ, ತೋಳು, ಎದೆ, ಎಲ್ಲವೂ ಬೆಟ್ಟದ ಇಳಿಜಾರಿನ ರೇಖೆಗಳಲ್ಲೇ ಮೂಡಿವೆ. ಹಿಂದಿನ ಮಲೆಸಾಲನ್ನೂ ಅವಳ ಭುಜದ ಅಂಚನ್ನೂ ಒಟ್ಟಿಗೆ ನೋಡಿದರೆ ಒಂದರ ಮುಂದುವರಿಕೆ ಇನ್ನೊಂದು. ಬೆತ್ತಲೆ ಎಂಬುದು ಮೊದಲ ನೋಟಕ್ಕೆ ಕಾಣುತ್ತದೆ, ಎರಡನೆಯ ನೋಟಕ್ಕೆ ಆ ಮಾತು ಸಣ್ಣದಾಗುತ್ತದೆ. ಆಗ ಅದು ಎಲ್ಲರಿಗೂ ಸಣ್ಣದಾಗಲಿಲ್ಲ. ಕುಟುಂಬ ಸಮೇತ ಬರುವ ಜಾಗದಲ್ಲಿ ಇದೆಂಥದ್ದು ಎಂದು ವಿರೋಧ ಎದ್ದಿತು. ಶಿಲ್ಪಿ ಬಗ್ಗಲಿಲ್ಲ. ಇಂದು ಅದೇ ಕುಟುಂಬಗಳು ಮಕ್ಕಳು, ಅಜ್ಜಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅವಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತವೆ. ಕಲೆಯ ಬಗ್ಗೆ ಭಾಷಣ ಮಾಡದೆ ಒಂದು ನಾಡಿನ ಕಣ್ಣನ್ನು ಬದಲಿಸುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಹತ್ತಿರ ಹೋಗಿ ನೋಡಬೇಕು. ದೂರಕ್ಕೆ ಒಂದೇ ಕಲ್ಲಿನ ಹಾಗೆ ಕಾಣುವ ಮೈ ಹತ್ತಿರಕ್ಕೆ ಸಿಮೆಂಟಿನದು. ಕಲ್ಲಿನ ಶಿಲ್ಪಿ ಬೇಡದ್ದನ್ನು ಕೆತ್ತಿ ತೆಗೆಯುತ್ತಾನೆ; ಕಾಂಕ್ರೀಟಿನವನು ಒಳಗಿನಿಂದ ಹೊರಕ್ಕೆ ಕಟ್ಟುತ್ತ ಬರುತ್ತಾನೆ. ಮೊದಲು ಕಬ್ಬಿಣದ ಸರಳು ಬಗ್ಗಿಸಿ ಅಸ್ಥಿಪಂಜರ, ಅದರ ಸುತ್ತ ತಂತಿಬಲೆ, ಅದರ ಮೇಲೆ ಪದರ ಪದರವಾಗಿ ಗಾರೆ. ಸಾರುವೆ ಕಟ್ಟಿ, ಅದರ ಮೇಲೆ ನಿಂತು ಕರಣೆಯಲ್ಲಿ ಬಳಿಯಬೇಕು. ಗಾರೆ ಬಿಗಿಯುವ ಮೊದಲು ಆ ಭಾಗದ ಆಕಾರ ಮುಗಿದಿರಬೇಕು. ಮುಗಿದ ಮೇಲೆ ದಿನಗಟ್ಟಲೆ ನೀರುಣಿಸಬೇಕು. ಮೇಲಿನ ಕೆಲಸದ ತೊಡಕೆಂದರೆ, ಸಾರುವೆಯ ಮೇಲೆ ನಿಂತವನಿಗೆ ಕಾಣುವುದು ಒಂದು ಮೊಣಕೈ ಅಥವಾ ಒಂದು ಕೆನ್ನೆ ಮಾತ್ರ. ಇಡೀ ಮುಖ ಕಾಣಬೇಕಾದರೆ ಕೆಳಗಿಳಿದು, ಐವತ್ತು ಹೆಜ್ಜೆ ಹಿಂದೆ ಹೋಗಿ ನೋಡಿ, ಮತ್ತೆ ಹತ್ತಬೇಕು. ನೆಲದಲ್ಲಿ ನಿಂತು ನೋಡುವವರಿಗೆ ಮೇಲಿನ ಭಾಗ ಕುಗ್ಗಿದಂತೆ ಕಾಣುವುದರಿಂದ ತಲೆ, ತೋಳುಗಳ ಅಳತೆಯನ್ನು ಅದಕ್ಕೆ ತಕ್ಕಂತೆ ತೂಗಿಸಿಕೊಳ್ಳಬೇಕು. ಇಲ್ಲಿ ಶಿಲ್ಪಿಯೊಬ್ಬನೇ ಸಾಲದು. ಸರಳು ಕಟ್ಟುವವರು, ಗಾರೆ ಕಲಸುವವರು, ತಟ್ಟೆ ಹೊರುವವರು ಎಲ್ಲ ಸೇರಿದರೆ ಮಾತ್ರ ಇಂಥ ಮೈ ಎದ್ದು ಕೂರುತ್ತದೆ.

ಕಾಂಕ್ರೀಟ್ ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ, ಊರಿನ ಗಾರೆಯವರಿಗೇ ಅದರ ಕೈಚಳಕ ಗೊತ್ತು. ಕಂಚಿಗೆ ಹಣವಿಲ್ಲದ, ಕಲ್ಲಿಗೆ ಸಮಯವಿಲ್ಲದ ಸರ್ಕಾರಿ ತೋಟಕ್ಕೆ ಇದಕ್ಕಿಂತ ಒಪ್ಪುವ ವಸ್ತುವಿಲ್ಲ. ಆದರೆ ಅದಕ್ಕೆ ಆಯುಷ್ಯದ ತೊಂದರೆ ಇದೆ, ಮತ್ತು ತೊಂದರೆ ಇರುವುದು ಕಬ್ಬಿಣದಲ್ಲಿ. ಹೊಸ ಸಿಮೆಂಟಿನ ಕ್ಷಾರಗುಣ ಸರಳಿನ ಮೇಲೆ ತೆಳು ಪೊರೆ ಕಟ್ಟಿ ಅದನ್ನು ತುಕ್ಕಿನಿಂದ ಕಾಯುತ್ತದೆ. ವರ್ಷಗಳು ಉರುಳಿದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಆ ಕ್ಷಾರವನ್ನು ತಗ್ಗಿಸುತ್ತದೆ. ಕಡಲ ಹತ್ತಿರವಾದರೆ ಉಪ್ಪು ಆ ಪೊರೆಯನ್ನು ಇನ್ನೂ ಬೇಗ ಹರಿಯುತ್ತದೆ. ಪೊರೆ ಹರಿದ ಸರಳಿಗೆ ತುಕ್ಕು ಹಿಡಿಯುತ್ತದೆ, ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು, ಜಾಗಕ್ಕಾಗಿ ಅದು ಗಾರೆಯನ್ನು ಒಳಗಿನಿಂದ ಒಡೆಯುತ್ತದೆ. ಬಿರುಕಿನಲ್ಲಿ ಮಳೆನೀರು, ಪಾಚಿ, ಆಮೇಲೆ ಪುಟ್ಟ ಗಿಡ. ಮುರುಡೇಶ್ವರದ 123 ಅಡಿಯ ಶಿವನಿಂದ ಹಿಡಿದು ನಮ್ಮ ಊರೂರ ಕಾಂಕ್ರೀಟ್ ಮೂರ್ತಿಗಳವರೆಗೆ ಎಲ್ಲಕ್ಕೂ ಇದೇ ಶತ್ರು. ಕಬ್ಬಿಣದ ಮೊಳೆಯಿಂದ ಯಕ್ಷಿಯನ್ನು ಕಟ್ಟಿಹಾಕುತ್ತಾರೆಂದು ಕಥೆ ಹೇಳುತ್ತದೆ. ಮಲಂಪುಳದ ಯಕ್ಷಿಯ ವಿಷಯದಲ್ಲಿ ಅವಳನ್ನು ಎತ್ತಿ ಹಿಡಿದಿರುವುದೂ ಕಬ್ಬಿಣ, ಕಾಯಬೇಕಾಗಿರುವುದೂ ಅದರಿಂದಲೇ. 2019ರಲ್ಲಿ ಅವಳಿಗೆ ಐವತ್ತು ತುಂಬುವ ಹೊತ್ತಿಗೆ ಮೈಯ ದುರಸ್ತಿಗೆ ಕಾನಾಯಿಯವರೇ ಮತ್ತೆ ಬಂದರು. ಎಂಬತ್ತು ದಾಟಿದ ಶಿಲ್ಪಿ ತನ್ನ ಮೂವತ್ತರ ಹರೆಯದ ಕೆಲಸಕ್ಕೆ ಹೀಗೆ ಮರಳುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ!

ಯಕ್ಷಿಯ ನಂತರದ ದಶಕಗಳಲ್ಲಿ ಅವರು ಕೇರಳದ ಉದ್ದಕ್ಕೂ ಕೆಲಸ ಮಾಡಿದರು. ತಿರುವನಂತಪುರದ ಲಲಿತಕಲಾ ಕಾಲೇಜಿನಲ್ಲಿ ಪಾಠ ಹೇಳಿದರು, ಪ್ರಾಂಶುಪಾಲರಾದರು, ಕೇರಳ ಲಲಿತಕಲಾ ಅಕಾಡೆಮಿಯ ಅಧ್ಯಕ್ಷರೂ ಆದರು. ಕೊಚ್ಚಿಯಲ್ಲಿ ‘ಮುಕ್ಕೋಲ ಪೆರುಮಾಳ್’, ಕಣ್ಣೂರಿನ ಪಯ್ಯಾಂಬಲಂ ಕಡಲತೀರದಲ್ಲಿ ‘ಅಮ್ಮ’, ಕೋಟ್ಟಯಂನ ಸಾರ್ವಜನಿಕ ಗ್ರಂಥಾಲಯದಲ್ಲಿ ‘ಅಕ್ಷರಶಿಲ್ಪ’. ಗ್ಯಾಲರಿಯ ಗೋಡೆಯೊಳಗೆ ಇಡುವ, ಮಾರುವ ಶಿಲ್ಪಗಳ ಕಡೆ ಅವರು ಹೆಚ್ಚು ತಿರುಗಲಿಲ್ಲ. ಅವರಿಗೆ ಬೇಕಾದದ್ದು ಟಿಕೆಟಿಲ್ಲದೆ ಜನ ಬರುವ ಜಾಗ, ಇಲ್ಲವೇ ಕಡಿಮೆ ಟಿಕೆಟಿನ ಜಾಗ. ತಿರುವನಂತಪುರದ ವೇಳಿಯಲ್ಲಿ ಹಿನ್ನೀರಿನ ಬದಿಯ ಇಡೀ ಉದ್ಯಾನವನ್ನೇ ಶಿಲ್ಪವಾಗಿ ಯೋಚಿಸಿದರು. ಮಣ್ಣಿನ ದಿಬ್ಬ, ತಗ್ಗು, ಹುಲ್ಲು, ನಡುವೆ ದೊಡ್ಡ ಶಂಖ. ಅಲ್ಲಿ ಶಿಲ್ಪ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಶಂಖುಮುಖಂ ಕಡಲತೀರದ ‘ಸಾಗರಕನ್ಯಕ’ ಇನ್ನೂ ದೊಡ್ಡ ಸಾಹಸ. 87 ಅಡಿ ಉದ್ದಕ್ಕೆ ಮಲಗಿರುವ ಮತ್ಸ್ಯಕನ್ಯೆ, 25 ಅಡಿ ಎತ್ತರ. ಅತಿ ದೊಡ್ಡ ಮತ್ಸ್ಯಕನ್ಯೆ ಶಿಲ್ಪವೆಂದು ಗಿನ್ನೆಸ್ ದಾಖಲೆಗೂ ಸೇರಿತು. ತೊಂಬತ್ತರ ದಶಕದ ಆರಂಭದಲ್ಲಿ ಕೆಲಸ ನಡೆಯುತ್ತಿರುವಾಗ ಅಶ್ಲೀಲವೆಂಬ ದೂರಿನ ಮೇಲೆ ಅಧಿಕಾರಿಗಳು ತಡೆದಿದ್ದರೆಂದೂ ಮುಖ್ಯಮಂತ್ರಿ ಕೆ. ಕರುಣಾಕರನ್ ನಡುವೆ ಬಂದು ಬಿಡಿಸಿಕೊಟ್ಟರೆಂದೂ ಕಾನಾಯಿ ಹೇಳಿಕೊಂಡಿದ್ದಾರೆ. ಈ ಶಿಲ್ಪಕ್ಕೆ ಜೀವ ಬರುವುದು ಸಂಜೆಯ ಓರೆ ಬೆಳಕಿನಲ್ಲಿ, ಅವಳಿಗೂ ಕಡಲಿಗೂ ನಡುವೆ ಅಡ್ಡ ಏನೂ ಇಲ್ಲದಿದ್ದಾಗ.

2020ರಲ್ಲಿ ಅವಳ ಪಕ್ಕಕ್ಕೆ ವಾಯುಪಡೆಯ ಹಳೆಯ ಹೆಲಿಕಾಪ್ಟರ್ ಒಂದನ್ನು ತಂದು ನಿಲ್ಲಿಸಿದರು. ಪ್ರವಾಸಿಗರಿಗೆ, ಮಕ್ಕಳಿಗೆ ಆಕರ್ಷಣೆಯಾಗಲಿ ಎಂಬುದು ಉದ್ದೇಶ. ಶಿಲ್ಪದ ಮೇಲೆ ಯಾರೂ ಒಂದು ಗೀರನ್ನೂ ಎಳೆಯಲಿಲ್ಲ. ಆದರೂ ಕಾನಾಯಿ ನೊಂದುಕೊಂಡರು, ಬಹಿರಂಗವಾಗಿ ಪ್ರತಿಭಟಿಸಿದರು. ವೇಳಿಯಲ್ಲೂ ಪಯ್ಯಾಂಬಲಂನಲ್ಲೂ ಹೊಸ ಹೊಸ ‘ಅಭಿವೃದ್ಧಿ’ ತಮ್ಮ ಕೆಲಸವನ್ನು ವಿಕಾರಗೊಳಿಸಿದೆ ಎಂಬುದು ಅವರ ದೂರು. 2022ರಲ್ಲಿ ಕೇರಳ ಸರ್ಕಾರ ಪದ್ಮ ಪ್ರಶಸ್ತಿಗಳ ಮಾದರಿಯಲ್ಲಿ ಮೊದಲ ಬಾರಿಗೆ ರಾಜ್ಯದ ಅತ್ಯುನ್ನತ ಗೌರವಗಳನ್ನು ಘೋಷಿಸಿತು. ಎಂ.ಟಿ. ವಾಸುದೇವನ್ ನಾಯರ್ ಅವರಿಗೆ ಕೇರಳ ಜ್ಯೋತಿ, ಕಾನಾಯಿಯವರಿಗೆ ಕೇರಳ ಶ್ರೀ. ಕಾನಾಯಿ ಪ್ರಶಸ್ತಿಯನ್ನು ಒಲ್ಲೆ ಎಂದರು. ಶಿಲ್ಪಗಳನ್ನು ಹಾಳುಗೆಡವಿದ್ದನ್ನು ಸರಿಪಡಿಸದೆ ಕೊಡುವ ಗೌರವ ತಮಗೆ ಬೇಡ ಎಂಬುದು ಅವರ ನಿಲುವಾಗಿತ್ತು.

ಇದನ್ನು ಹಟ ಎಂದವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಬಯಲಿನಲ್ಲಿ ಕೆಲಸ ಮಾಡುವ ಶಿಲ್ಪಿ ಸಿಮೆಂಟಿನ ಮೈಯನ್ನು ಮಾತ್ರ ಮಾಡುವುದಿಲ್ಲ, ಅದರ ಸುತ್ತಲಿನ ಬರಿದು ಜಾಗವನ್ನೂ ಅಳೆದು ಇಟ್ಟಿರುತ್ತಾನೆ. ಎಲ್ಲಿಂದ ನೋಡಿದರೆ ಭುಜ ಬೆಟ್ಟಕ್ಕೆ ತಾಗುತ್ತದೆ, ಎಲ್ಲಿಂದ ಕೆನ್ನೆಯ ಮೇಲೆ ನೆರಳು ಬೀಳುತ್ತದೆ ಎಂಬುದೆಲ್ಲ ಅವನ ಲೆಕ್ಕದಲ್ಲಿ ಇರುತ್ತದೆ. ಗೋಡೆಯ ಚಿತ್ರಕ್ಕಾದರೆ ಚೌಕಟ್ಟಿದೆ. ಇಲ್ಲಿ ದಿಗಂತವೇ ಚೌಕಟ್ಟು. ಅದನ್ನು ಕಿತ್ತರೆ ಶಿಲ್ಪ ಮುರಿದಂತೆಯೇ. ನಮ್ಮ ಇಲಾಖೆಗಳಿಗೆ ಮಾತ್ರ ಖಾಲಿ ಜಾಗ ಕಂಡರೆ ಅದು ಬಳಕೆಯಾಗದ ಜಾಗವೆಂದೇ ಅನಿಸುತ್ತದೆ. ಅಂಗಡಿ, ಬೇಲಿ, ಸೆಲ್ಫಿ ಪಾಯಿಂಟು, ಫೈಬರ್ ಜಿರಾಫೆ. ಕರ್ನಾಟಕದ ಯಾವ ಊರಿನ ಪಾರ್ಕಿಗೆ ಹೋದರೂ ಇದರ ಉದಾಹರಣೆ ಕಣ್ಣಿಗೆ ಬೀಳುತ್ತದೆ.

ಕಾನೂನು ಈ ವಿಷಯದಲ್ಲಿ ಅರ್ಧ ದಾರಿ ಮಾತ್ರ ಬರುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ದಿಲ್ಲಿಯ ವಿಜ್ಞಾನ ಭವನಕ್ಕೆ ಮಾಡಿಕೊಟ್ಟ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ನವೀಕರಣದ ಹೆಸರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದಿಲ್ಲಿ ಹೈಕೋರ್ಟ್ ಶಿಲ್ಪವನ್ನು ಅವರಿಗೆ ಮರಳಿಸುವಂತೆಯೂ ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆಯೂ ಹೇಳಿತು. ಕೃತಿ ಮಾರಾಟವಾದ ಮೇಲೂ ಅದನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕು ಕರ್ತೃವಿಗೆ ಉಳಿದಿರುತ್ತದೆ ಎಂಬ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ನಿಗೆ ಆ ತೀರ್ಪು ಬಲ ತಂದಿತು. ಆದರೆ ಅದೇ ಸೆಕ್ಷನ್ನಿನ ವಿವರಣೆಯಲ್ಲಿ ಇನ್ನೊಂದು ಮಾತೂ ಇದೆ: ಕೃತಿಯನ್ನು ಕರ್ತೃವಿಗೆ ತೃಪ್ತಿಯಾಗುವಂತೆ ಪ್ರದರ್ಶಿಸದಿರುವುದು ಆ ಹಕ್ಕಿನ ಉಲ್ಲಂಘನೆಯಲ್ಲ. ಮತ್ಸ್ಯಕನ್ಯೆಯ ತೋಳು ಮುರಿದರೆ ಶಿಲ್ಪಿ ಕೋರ್ಟಿನ ಬಾಗಿಲು ತಟ್ಟಬಹುದು. ಕಡಲಿಗೂ ಅವಳಿಗೂ ನಡುವೆ ಹೆಲಿಕಾಪ್ಟರ್ ಇಟ್ಟರೆ ಕಾಯ್ದೆಯ ಕೈ ಅಲ್ಲಿಯವರೆಗೆ ಚಾಚುವುದು ಕಷ್ಟ. ಆಗ ಅವನ ಕೈಯಲ್ಲಿ ಉಳಿಯುವುದು ಪ್ರಶಸ್ತಿಯನ್ನು ಬೇಡವೆನ್ನುವ ಹಕ್ಕೊಂದೇ.

ಕಾನಾಯಿಯವರ ಇನ್ನೊಂದು ಕೆಲಸವನ್ನು ಕನ್ನಡಿಗರು ಮುಖ್ಯವಾಗಿ ನೋಡಬೇಕು. ಕಾಸರಗೋಡಿನ ಜಿಲ್ಲಾ ಪಂಚಾಯತ್ ಆವರಣದಲ್ಲಿ ಎಂಡೋಸಲ್ಫಾನ್ ದುರಂತದ ತಾಯಂದಿರನ್ನು ನೆನೆದು ಅವರು ಕೈಗೆತ್ತಿಕೊಂಡ ತಾಯಿ-ಮಗುವಿನ ಶಿಲ್ಪ ಅದು. ವರ್ಷಗಟ್ಟಲೆ ಅರ್ಧಕ್ಕೆ ನಿಂತು, ಮತ್ತೆ ಮುಂದುವರಿದ ಕೆಲಸ. ಗೇರು ತೋಟಗಳ ಮೇಲೆ 2000ದವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದರು. ಎಣ್ಮಕಜೆಯ ಪಡ್ರೆಯಂಥ ಕನ್ನಡ, ತುಳು ಮಾತಾಡುವ ಹಳ್ಳಿಗಳು ಅದನ್ನು ಉಂಡವು. ಗಡಿಯ ಇತ್ತ ಕೊಕ್ಕಡ, ಪಟ್ರಮೆಗಳೂ ಉಂಡವು. ಅಡಿಕೆ ಪತ್ರಿಕೆಯ ಶ್ರೀ ಪಡ್ರೆಯವರು ಇದನ್ನು ಬರೆದು ಹೊರಗೆ ತಂದ ಮೊದಲಿಗರಲ್ಲಿ ಒಬ್ಬರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಆ ಕೀಟನಾಶಕವನ್ನು ತಡೆಯಿತು. ಯಕ್ಷಿ, ಮತ್ಸ್ಯಕನ್ಯೆಯರ ಹಾಗೆ ಈ ತಾಯಿಗೆ ಬೆಟ್ಟವಿಲ್ಲ, ಕಡಲಿಲ್ಲ. ಅವಳ ಸುತ್ತ ಇರುವುದು ಕಚೇರಿ, ಕಡತ, ಅರ್ಜಿ ಹಿಡಿದು ಬರುವ ಜನ. ಈ ವಿಷಯಕ್ಕೆ ಅದೇ ಸರಿಯಾದ ಬಯಲು ಎಂದು ನನ್ನ ಅನಿಸಿಕೆ.

ಮಂಗಳೂರಿನಿಂದ ಹೊರಡುವವರು ಮೊದಲು ಕಾಸರಗೋಡಿನಲ್ಲಿ ಇಳಿದು ಇದನ್ನು ನೋಡಿ, ಆಮೇಲೆ ಚೆನ್ನೈ ಕಡೆಗೆ ಹೋಗುವ ರೈಲು ಹಿಡಿದು ಪಾಲಕ್ಕಾಡ್‌ಗೆ ಹೋಗಬಹುದು. ಮಲಂಪುಳದಲ್ಲಿ ಚಂಡೀಗಢದ ನೇಕ್ ಚಂದ್ ಕೈಯ ರಾಕ್ ಗಾರ್ಡನ್ನೂ ಇದೆ, ಒಡೆದ ಬಳೆ, ಹೆಂಚುಗಳಿಂದ ಮಾಡಿದ್ದು. ಅದಕ್ಕೂ ಸಮಯ ಇಟ್ಟುಕೊಳ್ಳಿ. ಯಕ್ಷಿಯನ್ನು ನೋಡಲು ದೀಪಾಲಂಕಾರದ ಹೊತ್ತಿಗಿಂತ ಬೆಳಗಿನ ಹೊತ್ತು ಮೇಲು. ಎದುರಿಗೆ ನಿಂತು ಫೋಟೊ ತೆಗೆದುಕೊಂಡ ಮೇಲೆ ಸುತ್ತು ಹಾಕಿ ಹಿಂಬದಿಗೂ ಹೋಗಿ. ಬಿಚ್ಚಿದ ಕೂದಲು ಬೆನ್ನಿಗೆ ಇಳಿಯುವ ಬಗೆ ಅಲ್ಲಿಂದಷ್ಟೇ ಕಾಣುತ್ತದೆ, ಹೆಚ್ಚಿನವರು ಅದನ್ನು ನೋಡದೆಯೇ ರೋಪ್‌ವೇ ಕಡೆ ಹೊರಟುಬಿಡುತ್ತಾರೆ.